ಸರ್ವೇಯರ್ ಬರುವ ತನಕ ಮಾಡು ಸೋರುತ್ತಲೇ ಇರಬೇಕೆ?

ಪ್ರಶ್ನೆ: ಬಿರುಗಾಳಿಗೆ ಹೆಂಚು ಹಾರಿಹೋಗಿ ಮನೆಯೊಳಗೆ ನೀರು ಸುರಿಯುತ್ತಿದೆ. ಮನೆಗೆ ವಿಮೆ ಮಾಡಿಸಿದ್ದೇವೆ. ಹಾನಿ ಅಳೆಯಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ನೋಡುವ ಮುಂಚೆ ಏನಾದರೂ ಮುಟ್ಟಿದರೆ ಕ್ಲೇಮ್ ಸಿಗುವುದಿಲ್ಲ ಅಂತಾರೆ. ನಿಜವೇ?

ಉತ್ತರ: ಸುಳ್ಳು. ಪ್ರತಿ ಗಾಳಿಮಳೆ ನಿಂತ ಮೇಲೂ ಇದೇ ಪ್ರಶ್ನೆ ಬರುತ್ತದೆ, ಇದೇ ಉತ್ತರ ಕೊಡುತ್ತೇವೆ. ಅಷ್ಟರಲ್ಲಿ ಯಾರೋ ಒಬ್ಬರು ‘ಏನೂ ಮುಟ್ಟಬೇಡಿ’ ಅಂದುಬಿಟ್ಟಿರುತ್ತಾರೆ, ಅದನ್ನು ನಂಬಿ ಮನೆಯವರು ನಾಲ್ಕು ದಿನ ಬಕೆಟ್ ಇಟ್ಟುಕೊಂಡು ಕೂತಿರುತ್ತಾರೆ.

ಪಾಲಿಸಿಯ ಷರತ್ತುಗಳನ್ನು ತೆಗೆದು ಓದಿ. ಹಾನಿ ಇನ್ನಷ್ಟು ಹೆಚ್ಚದಂತೆ ಕೈಲಾದ ಕ್ರಮ ಕೈಗೊಳ್ಳುವುದು ಪಾಲಿಸಿದಾರರ ಹೊಣೆ ಎಂದು ಸಾಮಾನ್ಯವಾಗಿ ಬರೆದೇ ಇರುತ್ತದೆ. ಗಾಳಿ ಕಿತ್ತುಹಾಕಿದ ಹೆಂಚಿಗೆ ದುಡ್ಡು ಸಿಕ್ಕೀತು. ಆದರೆ ಮುಚ್ಚದೆ ಬಿಟ್ಟ ಕಿಂಡಿಯಿಂದ ಮೂರನೇ ದಿನ ನೆನೆದ ಹಾಸಿಗೆಗೆ, ಉಬ್ಬಿದ ಪ್ಲೈವುಡ್ ಕಪಾಟಿಗೆ ‘ನಿರ್ಲಕ್ಷ್ಯ’ ಎಂದು ಕಡಿತ ಬೀಳಬಹುದು. ನೆನೆದ ಬಟ್ಟೆ, ಗೋಡೆಗಳಿಗೆ ಬೂಷ್ಟು ಹಿಡಿಯಲು 24ರಿಂದ 48 ಗಂಟೆ ಸಾಕು.

ಈ ತಪ್ಪು ನಂಬಿಕೆ ಹುಟ್ಟಿದ್ದು ಒಂದು ಸರಿಯಾದ ಮಾತಿನಿಂದ: ಪುರಾವೆ ಅಳಿಸಬಾರದು. ತಾತ್ಕಾಲಿಕವಾಗಿ ಮುಚ್ಚುವುದು ಬೇರೆ, ಪೂರ್ತಿ ರಿಪೇರಿ ಮಾಡಿಸುವುದು ಬೇರೆ. ಮೊದಲನೆಯದನ್ನು ಕೂಡಲೇ ಮಾಡಿ. ಎರಡನೆಯದಕ್ಕೆ ಸರ್ವೇಯರ್ ಬಂದು ನೋಡಿರಬೇಕು, ಇಲ್ಲವೇ ಕಂಪನಿ ಬರಹದಲ್ಲಿ ಒಪ್ಪಿರಬೇಕು. ಇಷ್ಟೇ ವ್ಯತ್ಯಾಸ.

ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ ಫೋಟೊ: ಮನೆಯ ನಾಲ್ಕೂ ಬದಿ ದೂರದಿಂದ, ಹಾನಿಯಾದ ಜಾಗ ಹತ್ತಿರದಿಂದ, ಪಕ್ಕದಲ್ಲಿ ಅಳತೆ ಟೇಪು ಹಿಡಿದು. ಮಾಡಿನ ಕಿಂಡಿಯೂ ಅದರ ಕೆಳಗೆ ನೆನೆದ ನೆಲವೂ ಒಟ್ಟಿಗೆ ಕಾಣುವಂತೆ ಒಳಗಿನಿಂದ ಒಂದು ಚಿತ್ರ ಇರಲೇಬೇಕು. ಗಾಳಿ ಮಾಡಿದ ಕಿಂಡಿಯಿಂದ ಬಂದ ನೀರಿಗೆ ಪರಿಹಾರ ಉಂಟು, ಹಳೆಯ ಬಿರುಕಿನಲ್ಲಿ ದಿನಾ ಜಿನುಗಿದ್ದಕ್ಕೆ ಸಾಮಾನ್ಯವಾಗಿ ಇಲ್ಲ. ನಿಮ್ಮದು ಯಾವುದು ಎಂದು ತೋರಿಸುವುದು ಈ ಚಿತ್ರವೇ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದಲ್ಲಿ ತೆಗೆದ ಹೊತ್ತಿನ ಮಾಹಿತಿ ಅಳಿದಿರುತ್ತದೆ, ಮೂಲ ಫೈಲನ್ನು ಫೋನಿನಿಂದ ತೆಗೆಯಬೇಡಿ. ಕಂಪನಿಗೆ ಅಂದೇ ತಿಳಿಸಿ ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ.

ಟಾರ್ಪಾಲನ್ನು ಕಿಂಡಿಯಷ್ಟೇ ಅಗಲ ಹಾಸಿದರೆ ಏನೂ ಪ್ರಯೋಜನವಿಲ್ಲ. ಅದರ ಮೇಲಂಚು ಮಾಡಿನ ನೆತ್ತಿ ದಾಟಿ ಆಚೆ ಬದಿಗೆ ಮೂರು ಅಡಿಯಾದರೂ ಇಳಿಯಬೇಕು, ಇಲ್ಲದಿದ್ದರೆ ಮೇಲಿಂದ ಹರಿದು ಬರುವ ನೀರು ಟಾರ್ಪಾಲಿನ ಅಡಿಗೇ ನುಗ್ಗುತ್ತದೆ. ಅಂಚನ್ನು ಮರದ ರೀಪಿಗೆ ಎರಡು ಸುತ್ತು ಸುತ್ತಿ, ರೀಪನ್ನು ಬಿಗಿಯಿರಿ. ಬರೀ ಕಲ್ಲು ಹೇರಿದರೆ ಮುಂದಿನ ಗಾಳಿಗೆ ಕಲ್ಲೇ ಉರುಳಿ ಕೆಳಗಿದ್ದವರ ತಲೆಗೆ ಬೀಳುತ್ತದೆ. ಒದ್ದೆ ಮಾಡಿಗೆ ನೀವು ಹತ್ತಬೇಡಿ, ಕೆಲಸ ಬಲ್ಲವರನ್ನು ಕರೆಸಿ. ಟಾರ್ಪಾಲು, ರೀಪು, ಕೂಲಿ ಎಲ್ಲಕ್ಕೂ ಬಿಲ್ ಪಡೆದು ಕ್ಲೇಮಿಗೆ ಸೇರಿಸಿ. ಒಡೆದ ಹೆಂಚು, ಉಬ್ಬಿದ ಪ್ಲೈವುಡ್ಡಿನ ತುಂಡು, ಕೆಟ್ಟುಹೋದ ಫ್ರಿಜ್ಜು ಸರ್ವೇಯರ್ ಕಣ್ಣಿಗೆ ಬೀಳುವ ತನಕ ಗುಜರಿಗೆ ಹೋಗಕೂಡದು.

ಯಾರೂ ಕೇಳದ ಇನ್ನೊಂದು ವಿಷಯವಿದೆ, ಅದನ್ನೂ ಹೇಳಿಬಿಡುತ್ತೇವೆ. ಎಲ್ಲ ಬಿಲ್ ಸರಿಯಿದ್ದರೂ ಹಣ ಕಡಿಮೆ ಬರುವುದೇಕೆ? ಕೆಲವು ಪಾಲಿಸಿಗಳಲ್ಲಿ ಸರಾಸರಿ ಷರತ್ತು ಇರುತ್ತದೆ, ಅಂದರೆ ಮೌಲ್ಯಕ್ಕಿಂತ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದರೆ ಪರಿಹಾರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕಟ್ಟಡದ ಮೌಲ್ಯ 100 ಇದ್ದು ವಿಮೆ 75ಕ್ಕೆ ಮಾಡಿಸಿದ್ದರೆ, 20ರ ಹಾನಿಗೆ 15 ಮಾತ್ರ ಲೆಕ್ಕಕ್ಕೆ ಬರುತ್ತದೆ. ನೀವೇ ಭರಿಸಬೇಕಾದ ಮೊದಲ ಪಾಲು ಪಾಲಿಸಿಯಲ್ಲಿದ್ದರೆ ಅದೂ ಕಳೆಯುತ್ತದೆ. ಹತ್ತು ವರ್ಷದ ಹಿಂದೆ ಬರೆಸಿದ ಮೊತ್ತವನ್ನೇ ಪ್ರತಿ ವರ್ಷ ನವೀಕರಿಸುತ್ತಾ ಬಂದವರು ಸಿಕ್ಕಿಬೀಳುವುದು ಇಲ್ಲೇ. ಮುಂದಿನ ಸಲ ನವೀಕರಿಸುವಾಗ ನಿವೇಶನದ ಬೆಲೆ ಬಿಟ್ಟು, ಇವತ್ತು ಒಂದು ಚದರಡಿ ಕಟ್ಟಲು ತಗಲುವ ಖರ್ಚನ್ನು ಮನೆಯ ಒಟ್ಟು ಚದರಡಿಯಿಂದ ಗುಣಿಸಿ ಮೊತ್ತ ಬರೆಸಿ.