ಮಾದರಿ ವಿಮಾನದ ಎಂಜಿನ್: ಲೆಕ್ಕ ಪ್ರೊಪೆಲ್ಲರಿನಿಂದ ಶುರುವಾಗಲಿ

ರೇಡಿಯೊ ನಿಯಂತ್ರಿತ ಮಾದರಿ ವಿಮಾನಕ್ಕೆ ಎಂಜಿನ್ ಆರಿಸಲು ಹೊರಟವರ ಕಣ್ಣು ಸಾಮಾನ್ಯವಾಗಿ ಮೊದಲು ನಿಲ್ಲುವುದು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಅಶ್ವಶಕ್ತಿಯ ಅಂಕಿಯ ಮೇಲೆ. 7.5 ಸಿಸಿ ಗಾತ್ರದ, ಅಂದರೆ 0.46 ಘನ ಅಂಗುಲದ ಟೂ ಸ್ಟ್ರೋಕ್ ಎಂಜಿನ್ನಿನ ಮೇಲೆ ಒಂದೂವರೆ ಅಶ್ವಶಕ್ತಿಗೂ ಮಿಗಿಲಾದ ಅಂಕಿ ಇರುವುದುಂಟು. ಪಕ್ಕದಲ್ಲೇ ಚಿಕ್ಕ ಅಕ್ಷರದಲ್ಲಿ ನಿಮಿಷಕ್ಕೆ 16,000 ಸುತ್ತು ಎಂದೂ ಇರುತ್ತದೆ. ಅದೇ ಎಂಜಿನ್ನಿಗೆ 11 ಅಂಗುಲ ವ್ಯಾಸದ, 6 ಅಂಗುಲ ಪಿಚ್ಚಿನ ಪ್ರೊಪೆಲ್ಲರ್ ಹಾಕಿ ನೆಲದ ಮೇಲೆ ಪೂರ್ಣ ವೇಗದಲ್ಲಿ ಓಡಿಸಿದರೆ ಅದು 12,000 ಸುತ್ತಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯ ಅಂಕಿ ಸುಳ್ಳಲ್ಲ. ಆದರೆ ನಮ್ಮ ವಿಮಾನದಲ್ಲಿ ಆ ಎಂಜಿನ್ ಆ ವೇಗವನ್ನು ಮುಟ್ಟುವುದೇ ಇಲ್ಲ. ವಿಮಾನವನ್ನು ಎಳೆಯುವುದು ಪ್ರೊಪೆಲ್ಲರ್, ಎಂಜಿನ್ ಅದನ್ನು ತಿರುಗಿಸುವ ಯಂತ್ರವಷ್ಟೇ. ಆದ್ದರಿಂದ ವಿಮಾನದ ತೂಕ ಮತ್ತು ಹಾರಾಟದ ರೀತಿಯನ್ನು ಮೊದಲು ಗೊತ್ತುಮಾಡಿಕೊಂಡು, ಅದಕ್ಕೆ ಬೇಕಾದ ಪ್ರೊಪೆಲ್ಲರನ್ನು ಲೆಕ್ಕ ಹಾಕಿ, ಆ ಪ್ರೊಪೆಲ್ಲರನ್ನು ಆರಾಮವಾಗಿ ತಿರುಗಿಸಬಲ್ಲ ಎಂಜಿನ್ನನ್ನು ಕೊನೆಗೆ ಹುಡುಕುವುದು ಸರಿಯಾದ ಕ್ರಮ ಎಂಬುದು ನನ್ನ ಅಭಿಪ್ರಾಯ.

ಕಲಿಕೆಯ ವಿಮಾನದಲ್ಲಿ ಭಾರವನ್ನು ಹೊರುವ ಕೆಲಸ ರೆಕ್ಕೆಯದು. ಪ್ರೊಪೆಲ್ಲರ್ ಗಾಳಿಯ ತಡೆಯನ್ನು ಮೀರಿ, ಏರುವುದಕ್ಕೆ ಒಂದಿಷ್ಟು ಬಲ ಉಳಿಸಿಕೊಂಡರೆ ಸಾಕು. ತೂಕದ ಅರ್ಧದಷ್ಟು ನೂಕುಬಲ ಸಿಕ್ಕರೆ ಇಂಥ ವಿಮಾನ ನೆಮ್ಮದಿಯಾಗಿ ಹಾರುತ್ತದೆ. ನೆಟ್ಟಗೆ ಮೇಲೇರುವ ಕಸರತ್ತಿಗೆ ತೂಕದಷ್ಟೇ ನೂಕುಬಲ ಬೇಕು. ಮೂತಿ ಮೇಲೆತ್ತಿ ಗಾಳಿಯಲ್ಲಿ ತೂಗಾಡುತ್ತ ನಿಂತು, ಅಲ್ಲಿಂದ ಮತ್ತೆ ಚಿಮ್ಮುವ ಆಟಕ್ಕಾದರೆ ತೂಕದ ಒಂದೂವರೆ ಪಟ್ಟು ಇದ್ದರೂ ಹೆಚ್ಚೇನಲ್ಲ. ಒಂದೇ ತೂಕದ ಎರಡು ವಿಮಾನಗಳಿಗೆ ಒಂದೇ ಎಂಜಿನ್ ಸಲ್ಲದಿರುವುದಕ್ಕೆ ಇದೇ ಕಾರಣ.

ಪ್ರೊಪೆಲ್ಲರಿನ ಮೇಲಿನ ಎರಡು ಅಂಕಿಗಳಲ್ಲಿ ಮೊದಲನೆಯದು ವ್ಯಾಸ, ಎರಡನೆಯದು ಪಿಚ್. ಜಾರದೆ ಮುನ್ನುಗ್ಗಿದರೆ ಒಂದು ಸುತ್ತಿಗೆ ಎಷ್ಟು ದೂರ ಸಾಗಬಹುದೋ ಅದೇ ಪಿಚ್. ಬೈಕಿನ ಗೇರಿನಂತೆ, ಕಡಿಮೆ ಪಿಚ್ಚಿನಲ್ಲಿ ಎಳೆತ ಚೆನ್ನ, ಹೆಚ್ಚು ಪಿಚ್ಚಿನಲ್ಲಿ ಓಟ ಚೆನ್ನ. 6 ಅಂಗುಲವೆಂದರೆ 15.24 ಸೆಂಟಿಮೀಟರ್. ನಿಮಿಷಕ್ಕೆ 12,000 ಸುತ್ತಿನಂತೆ ಅದು ಸೆಕೆಂಡಿಗೆ ಸುಮಾರು 30 ಮೀಟರ್, ಅಂದರೆ ಗಂಟೆಗೆ 110 ಕಿಲೋಮೀಟರ್ ಆಗುತ್ತದೆ. ಈ ಪಿಚ್ ವೇಗವು ವಿಮಾನದ ಸ್ಟಾಲ್ ವೇಗದ, ಎಂದರೆ ರೆಕ್ಕೆಯ ಎತ್ತುಬಲ ಕುಸಿಯುವ ವೇಗದ, ಎರಡೂವರೆಯಿಂದ ಮೂರು ಪಟ್ಟು ಇರಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿಯಲ್ಲಿರುವ ಲೆಕ್ಕ. ಗಂಟೆಗೆ 35-40 ಕಿಲೋಮೀಟರಿನಲ್ಲಿ ಸ್ಟಾಲ್ ಆಗುವ ಕಲಿಕೆಯ ವಿಮಾನಕ್ಕೆ ಮೇಲಿನ ಜೋಡಿ ಹೇಳಿ ಮಾಡಿಸಿದಂತೆ ಹೊಂದುತ್ತದೆ.

ವ್ಯಾಸದ ಪರಿಣಾಮ ಇನ್ನೂ ತೀವ್ರ. ಪಿಚ್ಚನ್ನೂ ಸುತ್ತಿನ ವೇಗವನ್ನೂ ಹಾಗೆಯೇ ಇಟ್ಟುಕೊಂಡು ವ್ಯಾಸವನ್ನು 10ರಿಂದ 11 ಅಂಗುಲಕ್ಕೆ ಏರಿಸಿದರೆ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಅದೇ ಪ್ರೊಪೆಲ್ಲರನ್ನು ಶೇಕಡ 10ರಷ್ಟು ಹೆಚ್ಚು ವೇಗವಾಗಿ ತಿರುಗಿಸಲು ಶೇಕಡ 33ರಷ್ಟು ಹೆಚ್ಚು ಶಕ್ತಿ ಬೇಕು, ಆದರೆ ಅದರಿಂದ ದೊರೆಯುವ ನೂಕುಬಲ ಶೇಕಡ 21ರಷ್ಟು ಮಾತ್ರ ಹೆಚ್ಚು. ಅಂದರೆ ಕಡಿಮೆ ಗಾಳಿಯನ್ನು ಜೋರಾಗಿ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದೇ ಲಾಭ. ನಿಧಾನವಾಗಿ ಹಾರುವ, ಗಾಳಿಯ ತಡೆ ಹೆಚ್ಚಿರುವ ಎರಡು ಜೊತೆ ರೆಕ್ಕೆಯ ವಿಮಾನಕ್ಕೆ ದೊಡ್ಡ ವ್ಯಾಸದ, ಕಡಿಮೆ ಪಿಚ್ಚಿನ ಪ್ರೊಪೆಲ್ಲರನ್ನೂ, ಅದನ್ನು ನಿಧಾನವಾಗಿ ತಿರುಗಿಸುವ ಎಂಜಿನ್ನನ್ನೂ ಹೇಳುವುದು ಇದಕ್ಕಾಗಿಯೇ. ಕಿರಿಚುವ ಚಿಕ್ಕ ಎಂಜಿನ್ ವೇಗದ ಸ್ಪರ್ಧಾ ವಿಮಾನಕ್ಕೆ ಸರಿ, ಇಲ್ಲಿ ಅದು ಶಬ್ದವನ್ನೇ ಹೆಚ್ಚು ಕೊಡುತ್ತದೆ.

ಈಗ ಎಂಜಿನ್ನಿನ ಜಾತಿಗಳಿಗೆ ಬರೋಣ. ಹಲವು ದಶಕಗಳ ಕಾಲ ಈ ಹವ್ಯಾಸವನ್ನು ಆಳಿದ್ದು ಗ್ಲೋ ಎಂಜಿನ್. ಇದರಲ್ಲಿ ಕಿಡಿಯಿಲ್ಲ, ಕಿಡಿ ಯಾವಾಗ ಹಾರಬೇಕೆಂದು ಹೇಳುವ ಸಾಧನವೂ ಇಲ್ಲ. ಬಿಸಿ ಪ್ಲಾಟಿನಂ ತಂತಿಯ ಮೇಲೆ ಇಂಧನದ ಆವಿಯೂ ಗಾಳಿಯೂ ಸೇರಿದಾಗ ಜ್ವಾಲೆಯಿಲ್ಲದೆಯೇ ದಹನ ನಡೆದು ತಂತಿ ತಾನಾಗಿ ಕೆಂಪಗೆ ಕಾದು ನಿಲ್ಲುವುದನ್ನು ಬ್ರಿಟಿಷ್ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1817ರಲ್ಲೇ ಗಮನಿಸಿದ್ದರು. ಆ ವೇಗವರ್ಧಕ ಗುಣವನ್ನೇ ಬಳಸಿಕೊಂಡ ಗ್ಲೋ ಪ್ಲಗ್ಗನ್ನು ಅಮೆರಿಕದ ರೇ ಆರ್ಡೆನ್ 1947ರಲ್ಲಿ ಮಾರುಕಟ್ಟೆಗೆ ತಂದರು. ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ತಂತಿಯನ್ನು ಕಾಯಿಸಿ ಎಂಜಿನ್ ಚಾಲೂ ಮಾಡಿದ ಮೇಲೆ ಬ್ಯಾಟರಿಯನ್ನು ತೆಗೆದಿಡಬಹುದು; ಇಂಧನದಲ್ಲಿರುವ ಮೆಥನಾಲ್ ಮತ್ತು ಪ್ಲಾಟಿನಂ ನಡುವಿನ ಕ್ರಿಯೆ, ಹಿಂದಿನ ದಹನದ ಶಾಖ ಹಾಗೂ ಸಿಲಿಂಡರಿನೊಳಗಿನ ಒತ್ತಡ ಮೂರೂ ಸೇರಿ ಮುಂದಿನ ದಹನವನ್ನು ಹೊತ್ತಿಸುತ್ತವೆ. ಕಿಡಿಯ ಸುರುಳಿ, ಬ್ಯಾಟರಿಗಳ ಭಾರವೆಲ್ಲ ಒಮ್ಮೆಗೇ ಇಳಿದದ್ದರಿಂದ ಚಿಕ್ಕ ವಿಮಾನಗಳ ಪಾಲಿಗೆ ಇದು ದೊಡ್ಡ ಬಿಡುಗಡೆಯಾಯಿತು.

ಇಂಧನದಲ್ಲಿ ಮೆಥನಾಲಿನ ಜೊತೆ ಶೇಕಡ 15ರಿಂದ 20ರಷ್ಟು ಎಣ್ಣೆಯೂ, ಸಾಮಾನ್ಯ ಹಾರಾಟಕ್ಕಾದರೆ ಶೇಕಡ 5ರಿಂದ 15ರಷ್ಟು ನೈಟ್ರೋಮೀಥೇನೂ ಇರುತ್ತವೆ. ಎಣ್ಣೆಯೆಂದರೆ ಹರಳೆಣ್ಣೆ, ಇಲ್ಲವೇ ಕೃತಕ ಎಣ್ಣೆ, ಅಥವಾ ಎರಡರ ಮಿಶ್ರಣ. ನೈಟ್ರೋಮೀಥೇನ್ ತನ್ನ ಅಣುವಿನಲ್ಲೇ ಆಮ್ಲಜನಕವನ್ನು ಹೊತ್ತು ತರುವುದರಿಂದ ಅದೇ ಸಿಲಿಂಡರಿನಲ್ಲಿ ಹೆಚ್ಚು ಇಂಧನ ಉರಿಯುತ್ತದೆ. ದಹನದ ಸಮಯವನ್ನು ನಿರ್ಧರಿಸುವ ಬೇರೆ ಸಾಧನವಿಲ್ಲದ ಕಾರಣ, ಪ್ಲಗ್ಗಿನ ಶಾಖ, ಇಂಧನದ ಪಾಕ, ಪ್ರೊಪೆಲ್ಲರಿನ ಹೊರೆ ಇವೆಲ್ಲವೂ ಆ ಸಮಯವನ್ನು ಹಿಂದೆ ಮುಂದೆ ಸರಿಸುತ್ತವೆ. ಅಳತೆಗೆ ಮೀರಿದ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ನಿಧಾನವಾಗಿ, ದಹನ ಬೇಗನೆ ಹೊತ್ತಿಕೊಂಡು, ತಲೆಯ ಭಾಗ ಅತಿಯಾಗಿ ಕಾಯುತ್ತದೆ. ಇಂಧನ ಸಾಲದಿದ್ದರೂ ಇದೇ ಗತಿ. ಹಾರುವ ಮುನ್ನ ಎಂಜಿನ್ನನ್ನು ಪೂರ್ಣ ವೇಗದಲ್ಲಿಟ್ಟು ಇಂಧನದ ನಳಿಕೆಯನ್ನು ಎರಡು ಬೆರಳುಗಳಿಂದ ಕ್ಷಣಕಾಲ ಹಿಸುಕುವ ಪರೀಕ್ಷೆಯೊಂದಿದೆ. ಆಗ ಧ್ವನಿ ತುಸು ಏರಿದರೆ ಇಂಧನ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚೇ ಇದೆಯೆಂದರ್ಥ, ಹಾಗಿರುವುದೇ ಒಳ್ಳೆಯದು. ಏರದೆ ಕುಸಿದರೆ, ಇಂಧನದ ಹರಿವನ್ನು ಹೊಂದಿಸುವ ನೀಡಲ್ ವಾಲ್ವನ್ನು ಇನ್ನಷ್ಟು ತೆರೆಯಬೇಕು. ಕೈ ಸದಾ ಪ್ರೊಪೆಲ್ಲರಿನ ಹಿಂಬದಿಯಲ್ಲೇ ಇರಬೇಕೆಂಬುದನ್ನು ಬೇರೆಯಾಗಿ ಹೇಳಬೇಕಿಲ್ಲವಾದರೂ ಹೇಳಿಬಿಡುತ್ತೇನೆ.

ಫೋರ್ ಸ್ಟ್ರೋಕ್ ಗ್ಲೋ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಮ್ಮೆ ಮಾತ್ರ ದಹನ ನಡೆಯುವುದರಿಂದ ಅದೇ ಕೆಲಸಕ್ಕೆ ಸುಮಾರು ಒಂದೂವರೆ ಪಟ್ಟು ಗಾತ್ರ ಬೇಕಾಗುತ್ತದೆ, 0.46 ಟೂ ಸ್ಟ್ರೋಕಿಗೆ ಬದಲಾಗಿ 0.70 ಫೋರ್ ಸ್ಟ್ರೋಕ್ ಎನ್ನುವುದು ಇದರಿಂದಲೇ. ಬೆಲೆ ಹೆಚ್ಚು, ವಾಲ್ವುಗಳ ಸಂದು ಹೊಂದಿಸುವ ಕೆಲಸವೂ ಹೆಚ್ಚು. ಆದರೆ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವುದರಲ್ಲಿ ಇದು ನಿಸ್ಸೀಮ, ಇಂಧನವನ್ನೂ ಕಡಿಮೆ ಕುಡಿಯುತ್ತದೆ. ಇದರ ಧ್ವನಿ ನಿಜವಾದ ವಿಮಾನವನ್ನು ಹೋಲುತ್ತದೆಂಬ ಕಾರಣಕ್ಕೇ ಇದನ್ನು ಕೊಳ್ಳುವವರಿದ್ದಾರೆ. ಅದನ್ನೊಂದು ದುರ್ಬಲ ಕಾರಣವೆಂದು ನಾನು ಭಾವಿಸುವುದಿಲ್ಲ.

ಪೆಟ್ರೋಲ್ ಎಂಜಿನ್ನಿಗೆ ಕಿಡಿಯ ವ್ಯವಸ್ಥೆ ಮತ್ತೆ ಬೇಕು, ಜೊತೆಗೆ ಅದನ್ನು ದೂರದಿಂದಲೇ ನಿಲ್ಲಿಸುವ ಸ್ವಿಚ್ ಕೂಡ. ಕಿಲೋಗ್ರಾಂಗೆ ಪೆಟ್ರೋಲ್ ಸುಮಾರು 44 ಮೆಗಾಜೂಲ್ ಶಕ್ತಿ ಕೊಟ್ಟರೆ ಮೆಥನಾಲ್ ಕೊಡುವುದು 20ರಷ್ಟು ಮಾತ್ರ. ಹಾಗಾಗಿ ದೊಡ್ಡ ವಿಮಾನಗಳಲ್ಲಿ, ಅಂದರೆ 20 ಸಿಸಿಯಿಂದ ಮೇಲಕ್ಕೆ, ಇಂಧನದ ಖರ್ಚಿನ ಮುಂದೆ ಉಳಿದ ತೊಡಕುಗಳೆಲ್ಲ ಗೌಣವಾಗುತ್ತವೆ. ಈಥರ್, ಸೀಮೆಎಣ್ಣೆ, ಹರಳೆಣ್ಣೆಗಳ ಮಿಶ್ರಣವನ್ನು ಒತ್ತಡದಿಂದಲೇ ಹೊತ್ತಿಸುವ ಪುಟ್ಟ ಡೀಸೆಲ್ ಎಂಜಿನ್ನುಗಳು ಇಂದು ಅಭಿಮಾನಿಗಳ ಪಾಲಿಗಷ್ಟೇ ಉಳಿದಿವೆ.

ಹೊಸಬರಲ್ಲಿ ಹೆಚ್ಚಿನವರು ಈಗ ಆರಿಸುವುದು ಬ್ರಶ್‌ಲೆಸ್ ವಿದ್ಯುತ್ ಮೋಟರನ್ನು. ಇಲ್ಲಿ ಲೆಕ್ಕ ವ್ಯಾಟಿನಲ್ಲಿ ನಡೆಯುತ್ತದೆ: ಕಲಿಕೆಯ ವಿಮಾನಕ್ಕೆ ಕಿಲೋಗ್ರಾಂಗೆ 150ರಿಂದ 200 ವ್ಯಾಟ್, ತೀವ್ರ ಕಸರತ್ತಿಗೆ 300ರಿಂದ 400. ಎರಡೂವರೆ ಕಿಲೋಗ್ರಾಂ ತೂಕದ ವಿಮಾನಕ್ಕೆ 500 ವ್ಯಾಟ್ ಎಂದಿಟ್ಟುಕೊಂಡರೆ, ನಾಲ್ಕು ಕೋಶಗಳ, 14.8 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿಯಿಂದ ಸುಮಾರು 34 ಆಂಪಿಯರ್ ಹರಿಯಬೇಕು. ಆ ಬ್ಯಾಟರಿ 4,000 ಮಿಲಿಆಂಪಿಯರ್-ಗಂಟೆಯದಾದರೆ ಅದರಲ್ಲಿರುವುದು 59 ವ್ಯಾಟ್-ಗಂಟೆ. ಐದರಲ್ಲೊಂದು ಪಾಲನ್ನು ಮುಟ್ಟದೆ ಉಳಿಸಿ, ಸರಾಸರಿ 250 ವ್ಯಾಟಿನಲ್ಲಿ ಹಾರಿಸಿದರೆ 11 ನಿಮಿಷ ಸಿಗುತ್ತದೆ.

ಗ್ಲೋ ಎಂಜಿನ್ನಿನಿಂದ ಮೋಟರಿಗೆ ಬಂದವರು ಎಡವುವುದು ಪ್ರೊಪೆಲ್ಲರಿನ ವಿಷಯದಲ್ಲಿ. ಇಂಧನದ ಎಂಜಿನ್ನಿಗೆ ದೊಡ್ಡ ಪ್ರೊಪೆಲ್ಲರ್ ಹಾಕಿದರೆ ಅದು ನಿಧಾನವಾಗುತ್ತದೆ. ಒಂದು ಸುತ್ತಿಗೆ ಎಳೆದುಕೊಳ್ಳಬಲ್ಲ ಗಾಳಿಗೆ ಮಿತಿಯಿರುವುದರಿಂದ ಅದರ ಶಕ್ತಿಗೂ ಮಿತಿಯಿದೆ. ಮೋಟರ್ ಹಾಗಲ್ಲ. ವೋಲ್ಟಿಗೆ ಇಷ್ಟು ಸುತ್ತು ಎಂಬ ತನ್ನ ಕೆವಿ ಅಂಕಿಗೆ ಅದು ಆದಷ್ಟೂ ಅಂಟಿಕೊಳ್ಳಲು ಹೆಣಗುತ್ತದೆ, ಅದಕ್ಕೆ ಬೇಕಾದ ವಿದ್ಯುತ್ತನ್ನು ಬ್ಯಾಟರಿಯಿಂದ ಸೆಳೆಯುತ್ತಲೇ ಹೋಗುತ್ತದೆ, ಕೊನೆಗೆ ಸುರುಳಿಯೋ ವೇಗ ನಿಯಂತ್ರಕವೋ ಸುಟ್ಟುಹೋಗುತ್ತದೆ. ಆದ್ದರಿಂದ ಹೊಸ ಪ್ರೊಪೆಲ್ಲರ್ ಹಾಕಿದಾಗಲೆಲ್ಲ ವ್ಯಾಟ್ ಮೀಟರ್ ಜೋಡಿಸಿ ವಿದ್ಯುತ್ ಪ್ರವಾಹವನ್ನು ಅಳೆಯಲೇಬೇಕು.

ಎತ್ತರದ ಪ್ರದೇಶಗಳಲ್ಲಿ ಈ ವ್ಯತ್ಯಾಸ ಇನ್ನೊಂದು ರೂಪದಲ್ಲಿ ಕಾಣಿಸುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಗಾಳಿಯ ಸಾಂದ್ರತೆ ಸುಮಾರು ಶೇಕಡ 9ರಷ್ಟು ಕಡಿಮೆ. ಎಂಜಿನ್ನಿನ ಶಕ್ತಿ ಇಳಿಯುತ್ತದೆ, ಪ್ರೊಪೆಲ್ಲರಿಗೆ ಎದುರಾಗುವ ಗಾಳಿಯೂ ತೆಳುವಾಗುತ್ತದೆ. ಎರಡೂ ಒಟ್ಟಿಗೆ ಇಳಿಯುವ ಕಾರಣ ಸುತ್ತು ಎಣಿಸುವ ಮೀಟರ್ ಮೊದಲಿನಷ್ಟೇ ತೋರಿಸುತ್ತದೆ, ನೂಕುಬಲ ಮಾತ್ರ ಸದ್ದಿಲ್ಲದೆ ಕಡಿಮೆಯಾಗಿರುತ್ತದೆ. ಗಾಳಿಯನ್ನು ನೆಚ್ಚದ ಮೋಟರಿಗೆ ತುಸು ದೊಡ್ಡ ಪ್ರೊಪೆಲ್ಲರ್ ಹಾಕಿ ಇದನ್ನು ಸರಿದೂಗಿಸಬಹುದು. ಎಂಜಿನ್ನಿಗಾದರೆ ಒಂದು ಮೆಟ್ಟಿಲು ದೊಡ್ಡ ಗಾತ್ರವನ್ನೇ ಆರಿಸಬೇಕಾಗುತ್ತದೆ.

ಹಾಗೆಂದು ಎಲ್ಲರೂ ಒಂದು ಮೆಟ್ಟಿಲು ಮೇಲೆ ಹೋಗುವುದು ಜಾಣತನವಲ್ಲ. ಬೇಕಾದುದಕ್ಕಿಂತ 200 ಗ್ರಾಂ ಹೆಚ್ಚು ತೂಗುವ ಎಂಜಿನ್ ಗುರುತ್ವ ಕೇಂದ್ರದಿಂದ 25 ಸೆಂಟಿಮೀಟರ್ ಮುಂದೆ ಕುಳಿತಿದೆ ಎನ್ನಿ. ಅದನ್ನು ಸರಿದೂಗಿಸಲು ಕೇಂದ್ರದಿಂದ 75 ಸೆಂಟಿಮೀಟರ್ ಹಿಂದಿರುವ ಬಾಲಕ್ಕೆ 67 ಗ್ರಾಂ ಸೀಸ ಕಟ್ಟಬೇಕು. ಒಟ್ಟು 267 ಗ್ರಾಂ, ಅಂದರೆ ಎರಡೂವರೆ ಕಿಲೋಗ್ರಾಂ ವಿಮಾನದ ತೂಕದ ಶೇಕಡ 10ಕ್ಕಿಂತ ಹೆಚ್ಚು. ಸ್ಟಾಲ್ ವೇಗವೂ ಶೇಕಡ 5ರಷ್ಟು ಏರಿ, ಇಳಿಸುವಾಗ ವಿಮಾನ ಅಷ್ಟರಮಟ್ಟಿಗೆ ಒರಟಾಗುತ್ತದೆ. ಮೊದಲ ಮಹಾಯುದ್ಧ ಕಾಲದ ಹಲವು ವಿಮಾನಗಳ ಪ್ರತಿಕೃತಿಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಮೂಲ ವಿಮಾನಗಳ ಮೂತಿ ಮೋಟಾಗಿದ್ದು, ಅಲ್ಲಿ ಭಾರವಾದ ರೋಟರಿ ಎಂಜಿನ್ ಕುಳಿತಿರುತ್ತಿದ್ದ ಕಾರಣ, ಅವುಗಳ ಮಾದರಿಗಳಿಗೆ ಹೇಗೂ ಮೂತಿಯಲ್ಲಿ ಸೀಸ ತುಂಬಬೇಕಾಗುತ್ತದೆ. ಅಲ್ಲಿ ತೂಕದ ಫೋರ್ ಸ್ಟ್ರೋಕ್ ಎಂಜಿನ್ನನ್ನು ಆರಿಸಿದರೆ, ಸತ್ತ ಭಾರವಾಗಿ ಹೊರಬೇಕಿದ್ದ ಸೀಸದ ಜಾಗದಲ್ಲಿ ದೊಡ್ಡ ಪ್ರೊಪೆಲ್ಲರ್ ತಿರುಗಿಸುವ ಲೋಹ ಬಂದು ಕೂರುತ್ತದೆ.