ಬೇಸಿಕ್‌ನ ಒಂದು ರೂಪಾಯಿ ಕೈಗೆಷ್ಟು? ಬ್ಯಾಂಕ್ ಕ್ಲರ್ಕ್ ಸಂಬಳದ ಲೆಕ್ಕ

ಬ್ಯಾಂಕ್ ಕ್ಲರ್ಕ್ ಹುದ್ದೆಗೆ ಸಂಬಳ ಎಷ್ಟು ಎಂದು ಕೇಳಿದರೆ ಮೂರು ಉತ್ತರ ಸಿಗುತ್ತವೆ. ನೇಮಕಾತಿ ಪ್ರಕಟಣೆಯಲ್ಲಿ 24,050 ಎಂದಿರುತ್ತದೆ. ಈಚೆಗಷ್ಟೇ ಸೇರಿದ ಪಕ್ಕದ ಮನೆಯ ಹುಡುಗಿ ಕೈಗೆ 41,000 ಬರುತ್ತದೆ ಅನ್ನುತ್ತಾಳೆ. ಕೋಚಿಂಗ್ ಸೆಂಟರಿನ ಫಲಕದಲ್ಲಿ ‘ತಿಂಗಳಿಗೆ 50,000’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಮೂರೂ ಒಂದೇ ಪೇ ಸ್ಲಿಪ್ಪಿನಿಂದ ಹುಟ್ಟಿದ ಅಂಕಿಗಳೇ. ಯಾವುದು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಲೆಕ್ಕವನ್ನು ಬೇಸಿಕ್‌ನಿಂದ, ಅಂದರೆ ಮೂಲ ವೇತನದಿಂದ ಶುರುಮಾಡಬೇಕು.

ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳ ಕ್ಲರ್ಕ್ ಸಂಬಳವನ್ನು ಸರ್ಕಾರದ ವೇತನ ಆಯೋಗ ನಿಗದಿ ಮಾಡುವುದಿಲ್ಲ. ಬ್ಯಾಂಕುಗಳ ಪರವಾಗಿ ಭಾರತೀಯ ಬ್ಯಾಂಕುಗಳ ಸಂಘ, ನೌಕರರ ಪರವಾಗಿ ಯೂನಿಯನ್‌ಗಳು ಕೂತು ಮಾಡಿಕೊಳ್ಳುವ ದ್ವಿಪಕ್ಷೀಯ ಒಪ್ಪಂದ ಅದನ್ನು ನಿಗದಿ ಮಾಡುತ್ತದೆ. ಮೊದಲ ಒಪ್ಪಂದ ಆದದ್ದು 1966ರ ಅಕ್ಟೋಬರ್‌ನಲ್ಲಿ. ಈಗ ಜಾರಿಯಲ್ಲಿರುವುದು ಹನ್ನೆರಡನೆಯದು: ಸಹಿ ಬಿದ್ದದ್ದು 2024ರ ಮಾರ್ಚ್ 8ರಂದು, ಅನ್ವಯ 2022ರ ನವೆಂಬರ್ 1ರಿಂದ. ಹಾಗಾಗಿ ಕೆನರಾ ಬ್ಯಾಂಕಾಗಲಿ ಯೂನಿಯನ್ ಬ್ಯಾಂಕಾಗಲಿ, ಬೇಸಿಕ್ ಶ್ರೇಣಿ ಒಂದೇ. ಮಂಗಳೂರಿನ ಕರ್ಣಾಟಕ ಬ್ಯಾಂಕ್‌ನಂಥ ಹಳೆಯ ಖಾಸಗಿ ಬ್ಯಾಂಕೂ ಇದೇ ಶ್ರೇಣಿಯಲ್ಲಿ ನಡೆಯುತ್ತದೆ. ಹುದ್ದೆಯ ಹೆಸರು ಈಗ ‘ಕಸ್ಟಮರ್ ಸರ್ವಿಸ್ ಅಸೋಸಿಯೇಟ್’, ಎಸ್‌ಬಿಐಯಲ್ಲಿ ‘ಜೂನಿಯರ್ ಅಸೋಸಿಯೇಟ್’. ಕೌಂಟರಿನ ಆಚೆ ನಿಂತವರ ಬಾಯಲ್ಲಿ ಇನ್ನೂ ಕ್ಲರ್ಕೇ.

ಆ ಶ್ರೇಣಿ ಹೀಗಿದೆ: 24050-1340/3-28070-1650/3-33020-2000/4-41020-2340/7-57400-4400/1-61800-2680/1-64480. ನೋಡಲು ರೈಲು ಬೋಗಿಗಳ ಸಾಲಿನಂತಿದ್ದರೂ ಓದುವುದು ಸುಲಭ. 24,050ರಿಂದ ಶುರು, ವರ್ಷಕ್ಕೆ 1,340ರಂತೆ ಮೂರು ಸಲ ಏರಿ 28,070. ಅಲ್ಲಿಂದ 1,650ರಂತೆ ಮೂರು ಸಲ. ಹೀಗೆ 19 ಏರಿಕೆಗಳು, ಒಟ್ಟು 20 ಮೆಟ್ಟಿಲು. ತುದಿ 64,480. ತುದಿ ಮುಟ್ಟಿದ ಮೇಲೂ ಸಂಬಳ ಪೂರ್ತಿ ನಿಲ್ಲುವುದಿಲ್ಲ. ಸ್ಟ್ಯಾಗ್ನೇಷನ್ ಇನ್‌ಕ್ರಿಮೆಂಟ್ ಎಂಬ ಹೆಸರಿನಲ್ಲಿ ವರ್ಷಗಳ ಅಂತರ ಬಿಟ್ಟು ಏರುತ್ತದೆ.

ಪದವೀಧರರು ಮೊದಲ ಮೆಟ್ಟಿಲಲ್ಲಿ ನಿಲ್ಲಬೇಕಾಗಿಲ್ಲ. ಪದವಿಗೆಂದೇ ಎರಡು ಇನ್‌ಕ್ರಿಮೆಂಟ್ ಇವೆ. ಆದ್ದರಿಂದ ಅವರ ಬೇಸಿಕ್ 24,050 ಅಲ್ಲ, 26,730. ಎಸ್‌ಬಿಐ ತನ್ನ ಪ್ರಕಟಣೆಯಲ್ಲಿ ಇದನ್ನು ಬಿಡಿಸಿಯೇ ಹೇಳುತ್ತದೆ, ಬೇರೆ ಪ್ರಕಟಣೆಗಳಲ್ಲಿ ಶ್ರೇಣಿ ಮಾತ್ರ ಕಾಣುವುದೂ ಉಂಟು. ಇಂದು ಕ್ಲರ್ಕ್ ಪರೀಕ್ಷೆಗೆ ಅರ್ಹತೆಯೇ ಪದವಿಯಾದ್ದರಿಂದ ಲೆಕ್ಕಕ್ಕೆ 26,730 ಹಿಡಿಯುವುದೇ ಸರಿ.

ಇನ್ನು ಮೇಲಿನ ಪದರಗಳು. ಮೊದಲನೆಯದು ಸ್ಪೆಷಲ್ ಅಲೋಯನ್ಸ್, ಬೇಸಿಕ್‌ನ ಶೇ 26.5. ಅಂದರೆ 7,083 ರೂಪಾಯಿ. ಎರಡನೆಯದು ಸಾರಿಗೆ ಭತ್ಯೆ, 850. ಮೂರನೆಯದು ತುಟ್ಟಿಭತ್ಯೆ, ಅಂದರೆ ಡಿಎ. ಇದು ಬೇಸಿಕ್‌ಗೆ ಮಾತ್ರವಲ್ಲ, ಸ್ಪೆಷಲ್ ಅಲೋಯನ್ಸ್‌ಗೂ ಸಾರಿಗೆ ಭತ್ಯೆಗೂ ಸೇರಿ ಸಿಗುತ್ತದೆ. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ: ಬೇಸಿಕ್‌ಗೆ ಮಾತ್ರ ಡಿಎ ಹಾಕಿ ಸಂಬಳ ಕಡಿಮೆ ಬಂದಂತೆ ಕಾಣುವ ಲೆಕ್ಕ ಮಾಡುತ್ತಾರೆ. 2025ರ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಡಿಎ ದರ ಶೇ 21.20. ಮೂರರ ಮೊತ್ತ 34,663ಕ್ಕೆ ಅದನ್ನು ಹಚ್ಚಿದರೆ 7,349. ಕೊನೆಯದು ಮನೆ ಬಾಡಿಗೆ ಭತ್ಯೆ, ಬೇಸಿಕ್‌ನ ಶೇ 10.25, ಅಂದರೆ 2,740. ಎಲ್ಲ ಕೂಡಿಸಿದರೆ ಒಟ್ಟು ಸಂಬಳ 44,752 ರೂಪಾಯಿ.

ಈ ಲೆಕ್ಕವನ್ನೇ ಒಂದು ಸಾಲಿಗೆ ಇಳಿಸಬಹುದು. ಡಿಎ ಶೇ 21.20 ಇರುವಾಗ ಬೇಸಿಕ್‌ನ ಒಂದು ರೂಪಾಯಿ ಒಟ್ಟು ಸಂಬಳದಲ್ಲಿ 1 ರೂಪಾಯಿ 64 ಪೈಸೆ ಆಗುತ್ತದೆ. ನಿಮ್ಮ ಬೇಸಿಕ್ ಯಾವುದೇ ಇರಲಿ, 1.636ರಿಂದ ಗುಣಿಸಿ, ಸಾರಿಗೆ ಭತ್ಯೆ ಮತ್ತು ಅದರ ಡಿಎ ಸೇರಿ 1,030 ಕೂಡಿಸಿ. ಪೇ ಸ್ಲಿಪ್ಪಿನ ಒಟ್ಟು ಅದಕ್ಕೆ ಹತ್ತಿರ ಬರದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಬೆಂಗಳೂರಿನ ಶಾಖೆಯಾಗಲಿ ಸಿಂದಗಿಯದಾಗಲಿ, ಕ್ಲರ್ಕಿಗೆ ಬಾಡಿಗೆ ಭತ್ಯೆ ಅದೇ ಶೇ 10.25. 2,740 ರೂಪಾಯಿಗೆ ಬೆಂಗಳೂರಿನಲ್ಲಿ ಪಿಜಿಯ ಹಾಸಿಗೆಯೂ ಸಿಗುವುದು ಕಷ್ಟ. ಊರಿನಲ್ಲಿ ಅಪ್ಪನ ಮನೆಯಿಂದ ಹೋಗಿಬರುವವರಿಗೆ ಅದು ಉಳಿತಾಯ. ಒಂದೇ ಸಂಬಳದ ಇಬ್ಬರ ಬದುಕು ಬೇರೆಯಾಗುವುದು ಇಲ್ಲೇ. ಅರ್ಜಿ ಹಾಕುವಾಗ ಒಂದೇ ರಾಜ್ಯ ಆರಿಸಬೇಕು, ಆ ರಾಜ್ಯದ ಭಾಷೆ ಗೊತ್ತಿರಬೇಕು, ನೇಮಕವೂ ಅಲ್ಲೇ ಎಂಬ ನಿಯಮಗಳಿಗೆ ಇರುವ ಬೆಲೆ ಪೇ ಸ್ಲಿಪ್ಪಿನಲ್ಲಿ ಕಾಣುವುದಿಲ್ಲ, ಆದರೆ ಕರ್ನಾಟಕದಲ್ಲಿ ಕನ್ನಡ ಬಲ್ಲವರಿಗೆ ಅದೂ ಸಂಬಳದ ಭಾಗವೇ. ಸ್ಥಳ ನೋಡಿ ಕೊಡುವ ಭತ್ಯೆಗಳಲ್ಲಿ ಕರ್ನಾಟಕಕ್ಕೆ ಸಂಬಂಧಪಟ್ಟ ಒಂದು ಸ್ವಾರಸ್ಯ ಇದೆ. ಗಿರಿ ಮತ್ತು ಇಂಧನ ಭತ್ಯೆ ಸಾವಿರ ಮೀಟರಿಗಿಂತ ಎತ್ತರದ ಊರುಗಳಿಗೆ ಸಿಗುತ್ತದೆ. ಆ ಪಟ್ಟಿಯಲ್ಲಿ ಎತ್ತರದ ಮಾತಿನ ಜೊತೆಗೇ ಒಂದು ಊರಿನ ಹೆಸರನ್ನು ಪ್ರತ್ಯೇಕವಾಗಿ ಬರೆದಿದ್ದಾರೆ: ಮಡಿಕೇರಿ.

ಡಿಎ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ತಿಂಗಳ ಸಂಬಳ ಇಳಿಯಬಹುದಾದದ್ದು ಇದರಿಂದ. ಕೇಂದ್ರ ಸರ್ಕಾರಿ ನೌಕರರಿಗೆ ಆರು ತಿಂಗಳಿಗೊಮ್ಮೆ ಡಿಎ ಬದಲಾದರೆ ಬ್ಯಾಂಕಿನವರಿಗೆ ಮೂರು ತಿಂಗಳಿಗೊಮ್ಮೆ: ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್. ಆಧಾರ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ, ಮೂಲ ವರ್ಷ 2016. ಹಿಂದಿನ ತ್ರೈಮಾಸಿಕದ ಮೂರು ತಿಂಗಳ ಸರಾಸರಿಯಿಂದ 123.03 ಕಳೆಯಿರಿ, ಉಳಿದದ್ದೇ ಡಿಎ ಶೇಕಡಾವಾರು. 2024ರ ಜನವರಿ, ಫೆಬ್ರುವರಿ, ಮಾರ್ಚ್ ಸೂಚ್ಯಂಕಗಳ ಸರಾಸರಿ 139.00, ಆದ್ದರಿಂದ ಅದೇ ಮೇ ತಿಂಗಳ ಡಿಎ ಶೇ 15.97. ಲೇಬರ್ ಬ್ಯೂರೋ ಅಂಕಿ ಹೊರಬಿಟ್ಟ ದಿನವೇ ಇದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು, ಬ್ಯಾಂಕಿನ ಸುತ್ತೋಲೆಗೆ ಕಾಯಬೇಕಿಲ್ಲ.

ಸೂಚ್ಯಂಕ ಇಳಿದರೆ ಡಿಎಯೂ ಇಳಿಯುತ್ತದೆ. 2025ರ ಮೇ ತಿಂಗಳಲ್ಲಿ ಆದದ್ದು ಅದೇ: ಶೇ 21.20 ಇದ್ದದ್ದು 19.97ಕ್ಕೆ ಬಂತು. ಮೇಲಿನ ಲೆಕ್ಕದ ಹೊಸ ಕ್ಲರ್ಕಿಗೆ ತಿಂಗಳಿಗೆ 426 ರೂಪಾಯಿ ಕಡಿಮೆ. ಚಳಿಗಾಲದಲ್ಲಿ ತರಕಾರಿ ಬೆಲೆ ಇಳಿದದ್ದು ಬೇಸಿಗೆಯ ಸಂಬಳದಲ್ಲಿ ಕಾಣಿಸಿಕೊಳ್ಳುತ್ತದೆ. ಇದನ್ನು ಕಡಿತವೆಂದು ತಿಳಿದು ಮ್ಯಾನೇಜರ್ ಹತ್ತಿರ ಹೋಗುವ ಹೊಸಬರಿದ್ದಾರೆ.

ಈಗ ಕೈಗೆ ಬರುವ ಮೊತ್ತ. 2010ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ. ಬೇಸಿಕ್ ಮತ್ತು ಅದರ ಮೇಲಿನ ಡಿಎ ಸೇರಿ 32,397. ಅದರ ಶೇ 10, ಅಂದರೆ 3,240 ನಿಮ್ಮ ಸಂಬಳದಿಂದ ಹೋಗುತ್ತದೆ. ಕರ್ನಾಟಕದ ವೃತ್ತಿ ತೆರಿಗೆ 200. 2025-26ರಿಂದ ಫೆಬ್ರುವರಿ ತಿಂಗಳಲ್ಲಿ ಮಾತ್ರ 300, ವರ್ಷಕ್ಕೆ 2,500. ಇವೆರಡು ಕಳೆದರೆ 41,312. ಯೂನಿಯನ್ ಚಂದಾ, ವಿಮೆ ಕಂತು ಇದ್ದರೆ ಇನ್ನಷ್ಟು ಇಳಿಯುತ್ತದೆ. ಆದಾಯ ತೆರಿಗೆ ಸದ್ಯಕ್ಕೆ ತಲೆನೋವಲ್ಲ: 2025-26ರ ಹೊಸ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ 12 ಲಕ್ಷದವರೆಗಿನ ಸಂಬಳದ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ.

ಕೋಚಿಂಗ್ ಫಲಕದ 50,000ದ ಗುಟ್ಟೂ ಇಲ್ಲೇ ಇದೆ. ಬ್ಯಾಂಕ್ ತನ್ನ ಪಾಲಾಗಿ ಎನ್‌ಪಿಎಸ್‌ಗೆ ಶೇ 14 ಹಾಕುತ್ತದೆ, 4,536 ರೂಪಾಯಿ. ಅದನ್ನು ಒಟ್ಟು ಸಂಬಳಕ್ಕೆ ಸೇರಿಸಿದರೆ 49,288. ಹಣ ನಿಮ್ಮದೇ, ಸುಳ್ಳಲ್ಲ. ಆದರೆ ಅದು ಕೈಗೆ ಬರುವುದು ನಿವೃತ್ತಿಯ ಹೊತ್ತಿಗೆ.

ಸ್ಪೆಷಲ್ ಅಲೋಯನ್ಸ್ ಎಂಬ ಪದರದಲ್ಲಿ ಒಂದು ಮುಳ್ಳಿದೆ. ಅದಕ್ಕೆ ಡಿಎ ಸಿಗುತ್ತದೆ, ಆದ್ದರಿಂದ ಬೇಸಿಕ್‌ನಂತೆ ಕಾಣುತ್ತದೆ. ಆದರೆ ಪಿಂಚಣಿ, ಎನ್‌ಪಿಎಸ್, ಗ್ರಾಚ್ಯುಟಿ ಲೆಕ್ಕಕ್ಕೆ ಅದೂ ಅದರ ಡಿಎಯೂ ಬರುವುದಿಲ್ಲ ಎಂದು ಒಪ್ಪಂದದಲ್ಲೇ ಬರೆದಿದೆ. ಹೊಸ ಕ್ಲರ್ಕಿನ ಮಟ್ಟಿಗೆ ಈ ಮೊತ್ತ ತಿಂಗಳಿಗೆ 8,585. ಅದೂ ಬೇಸಿಕ್ ಆಗಿದ್ದರೆ ಬ್ಯಾಂಕ್ ಪ್ರತಿ ತಿಂಗಳು ಇನ್ನೂ 1,202 ರೂಪಾಯಿ ಎನ್‌ಪಿಎಸ್‌ಗೆ ಹಾಕಬೇಕಿತ್ತು. ಹಿಂದಿನ ಒಪ್ಪಂದದಲ್ಲಿ ಶೇ 16.4 ಇದ್ದ ಈ ಭತ್ಯೆ ಈಗ 26.5ಕ್ಕೆ ಏರಿದೆ. ಈ ತಿಂಗಳ ಕೈ ತುಂಬಿಸಿ ಮೂವತ್ತು ವರ್ಷದ ನಂತರದ ಕೈ ಸಣ್ಣದು ಮಾಡುವ ವ್ಯವಸ್ಥೆ ಇದು. ಯೂನಿಯನ್‌ಗಳು ಇದಕ್ಕೆ ಒಪ್ಪಬಾರದಿತ್ತು ಎಂದೇ ಹೇಳಬೇಕಾಗುತ್ತದೆ.

ಸಂಬಳ ಹೆಚ್ಚಿಸಿಕೊಳ್ಳಲು ಕ್ಲರ್ಕಿನ ಕೈಯಲ್ಲೇ ಇರುವ ದಾರಿ ಬೇಸಿಕ್ ಏರಿಸುವುದು. ಬ್ಯಾಂಕ್ ನೌಕರರಿಗೆಂದೇ ಇರುವ ಎರಡು ಪರೀಕ್ಷೆಗಳಲ್ಲಿ ಜೆಎಐಐಬಿ ಪಾಸಾದರೆ ಒಂದು ಇನ್‌ಕ್ರಿಮೆಂಟ್, ಸಿಎಐಐಬಿ ಪಾಸಾದರೆ ಇನ್ನೆರಡು. ಇವು ಒಮ್ಮೆ ಕೊಡುವ ಬಹುಮಾನವಲ್ಲ, ಮೆಟ್ಟಿಲೇ ಬದಲಾಗುತ್ತದೆ. 26,730ರಲ್ಲಿ ಸೇರಿ ಪರೀಕ್ಷೆ ಬರೆಯದವರು ಹತ್ತು ವಾರ್ಷಿಕ ಏರಿಕೆಗಳ ನಂತರ 45,700ರಲ್ಲಿರುತ್ತಾರೆ. ಎರಡೂ ಪಾಸಾದವರು 52,720ರಲ್ಲಿ. ಬೇಸಿಕ್‌ನ ಅಂತರ 7,020, ಒಟ್ಟು ಸಂಬಳದ ಅಂತರ ಸುಮಾರು 11,480, ಅದೂ ಪ್ರತಿ ತಿಂಗಳು. ಸೇರಿದ ಮೊದಲ ಎರಡು ವರ್ಷದಲ್ಲಿ, ಓದುವ ಅಭ್ಯಾಸ ತಪ್ಪುವ ಮುಂಚೆ, ಇವನ್ನು ಮುಗಿಸಿಕೊಳ್ಳುವುದು ಜಾಣತನ. ಶ್ರೇಣಿಯ ಮೇಲ್ಭಾಗಕ್ಕೆ ಬಂದ ಮೇಲೆ ಪಾಸಾದವರಿಗೆ ಏರಲು ಮೆಟ್ಟಿಲುಗಳೇ ಕಡಿಮೆ.

ಬಡ್ತಿಯ ಲೆಕ್ಕ ಇಷ್ಟು ಸರಳವಲ್ಲ. ಅಧಿಕಾರಿ ಶ್ರೇಣಿ 48,480ರಿಂದ ಶುರು. ಹಿರಿಯ ಕ್ಲರ್ಕಿನ ಬೇಸಿಕ್ ಅದನ್ನು ದಾಟಿರಬಹುದು. ಆಗ ಬಡ್ತಿಯಿಂದ ತಕ್ಷಣ ಬರುವ ಹೆಚ್ಚಳ ಸಣ್ಣದು, ಜವಾಬ್ದಾರಿ ಮತ್ತು ದೂರದ ವರ್ಗಾವಣೆ ದೊಡ್ಡವು. ಮಕ್ಕಳ ಓದು, ಹೊಲ, ವಯಸ್ಸಾದ ತಂದೆತಾಯಿ ಇರುವವರು ಬಡ್ತಿ ಬೇಡ ಎನ್ನುವುದು ಸೋಮಾರಿತನದಿಂದಲ್ಲ.

ತಿಂಗಳ ಸಂಬಳದ ಹೊರಗೂ ಸ್ವಲ್ಪ ಬರುತ್ತದೆ. ಬ್ಯಾಂಕಿನ ಕಾರ್ಯಾಚರಣೆ ಲಾಭ ಶೇ 5ರಿಂದ 10 ಏರಿದರೆ ಐದು ದಿನದ, 10ರಿಂದ 15 ಏರಿದರೆ ಹತ್ತು ದಿನದ, ಅದಕ್ಕೂ ಮೇಲಾದರೆ ಹದಿನೈದು ದಿನದ ಬೇಸಿಕ್ ಮತ್ತು ಡಿಎ ಪ್ರೋತ್ಸಾಹಧನವಾಗಿ ಸಿಗುತ್ತದೆ. ಶೇ 5 ದಾಟದಿದ್ದರೆ ಏನೂ ಇಲ್ಲ. ವರ್ಷಕ್ಕೆ ಐದು ದಿನದ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳಬಹುದು, 55 ದಾಟಿದವರಿಗೆ ಏಳು ದಿನ. ಮುಷ್ಕರಕ್ಕೆ ಹೋದ ದಿನದ ಸಂಬಳ ಮಾತ್ರ ಖೋತಾ.

ಎಡವಟ್ಟುಗಳು ಹೆಚ್ಚಾಗಿ ಮೊದಲ ವರ್ಷದಲ್ಲೇ ಆಗುತ್ತವೆ. ಪದವಿ ಪ್ರಮಾಣಪತ್ರದ ಮೂಲ ಪ್ರತಿ ಕೊಡದೆ ಅಥವಾ ಅದು ಎಚ್‌ಆರ್ ದಾಖಲೆಗೆ ಏರದೆ ಬೇಸಿಕ್ 24,050ರಲ್ಲೇ ಉಳಿದರೆ ತಿಂಗಳಿಗೆ ಸುಮಾರು 4,380 ರೂಪಾಯಿ ನಷ್ಟ. ಮೊದಲ ಪೂರ್ತಿ ತಿಂಗಳ ಪೇ ಸ್ಲಿಪ್ಪಿನಲ್ಲಿ ನೋಡಬೇಕಾದದ್ದು ಈ ಒಂದು ಅಂಕಿಯನ್ನೇ. ಎನ್‌ಪಿಎಸ್ ಖಾತೆಯ ಪ್ರಾನ್ ಸಂಖ್ಯೆ ತಡವಾಗಿ ಬಂದರೆ ಎರಡು ಮೂರು ತಿಂಗಳ ಕಂತು ಒಟ್ಟಿಗೆ ಕಡಿತವಾಗಬಹುದು. ಅದಕ್ಕೆ ಮುಂಚೆಯೇ ಬೈಕಿನ ಇಎಂಐ ಒಪ್ಪಿಕೊಂಡವರು ಆ ತಿಂಗಳು ಪರದಾಡುತ್ತಾರೆ. ಜೆಎಐಐಬಿ ಫಲಿತಾಂಶ ಬಂದ ಮೇಲೆ ಇನ್‌ಕ್ರಿಮೆಂಟ್ ತಾನಾಗಿ ಬರುತ್ತದೆಂದು ಕೂರಬಾರದು. ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಮುಂದಿನ ತಿಂಗಳ ಬೇಸಿಕ್ ನೋಡಿ. ಆ ಇನ್‌ಕ್ರಿಮೆಂಟ್ ಬಂದರೂ ನಿಮ್ಮ ವಾರ್ಷಿಕ ಏರಿಕೆಯ ತಿಂಗಳು ಬದಲಾಗಬಾರದು, ಅದನ್ನೂ ಗಮನಿಸಿ.

ಈಗಿನ ಒಪ್ಪಂದದ ಅವಧಿ 2027ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮರುದಿನವೇ ಹೊಸ ಸಂಬಳ ಬರುತ್ತದೆಂದು ಸಾಲ ಮಾಡಬೇಡಿ. 2012ರ ನವೆಂಬರ್‌ನಿಂದ ಸಿಗಬೇಕಿದ್ದ ಹತ್ತನೇ ಒಪ್ಪಂದಕ್ಕೆ ಸಹಿ ಬಿದ್ದದ್ದು 2015ರ ಮೇ ತಿಂಗಳಲ್ಲಿ, 2017ರದ್ದಕ್ಕೆ 2020ರ ನವೆಂಬರ್‌ನಲ್ಲಿ. ಈ ಸಲದ ಹದಿನಾರು ತಿಂಗಳೇ ಕಡಿಮೆ ಕಾಯುವಿಕೆ. ತಡವಾದದ್ದು ಬಾಕಿಯಾಗಿ ಒಂದೇ ಬಾರಿಗೆ ಬರುತ್ತದೆ, ಆಗ ಆ ವರ್ಷದ ತೆರಿಗೆ ಉಬ್ಬುತ್ತದೆ. ಹಿಂದಿನ ವರ್ಷಗಳಿಗೆ ಸೇರಿದ ಮೊತ್ತಕ್ಕೆ ಪರಿಹಾರ ಇದೆ. 2024ರಲ್ಲಿ ಬಂದ ಬಾಕಿಗೆ ಫಾರ್ಮ್ 10ಇ ತುಂಬಬೇಕಿತ್ತು, ಅದೂ ರಿಟರ್ನ್ ಸಲ್ಲಿಸುವ ಮೊದಲು. ರಿಟರ್ನ್‌ನಲ್ಲಿ ಪರಿಹಾರ ಕೇಳಿ ಫಾರ್ಮ್ ಮರೆತವರಿಗೆ ತಿಂಗಳುಗಳ ನಂತರ ತೆರಿಗೆ ಇಲಾಖೆಯ ನೋಟಿಸ್ ಬಂದು, ಪರಿಹಾರದ ಮೊತ್ತವನ್ನು ಬಡ್ಡಿ ಸಮೇತ ಕೇಳಿತು.