ಮಂಗನ ತಪ್ಪಿಲ್ಲ, ಉಣ್ಣಿಯನ್ನು ನೋಡಿ

ಕೊಪ್ಪದ ಹತ್ತಿರ ನನ್ನ ಅತ್ತೆಯ ಮನೆ. ಮನೆಯ ಹಿಂದೆ ಕೊಟ್ಟಿಗೆ, ಕೊಟ್ಟಿಗೆಯ ಹಿಂದೆ ಅಡಿಕೆ ತೋಟ, ತೋಟದ ಆಚೆ ಕಾಡು. ಎಲ್ಲಿ ತೋಟ ಮುಗಿಯಿತು, ಎಲ್ಲಿ ಕಾಡು ಶುರುವಾಯಿತು ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ಹೋದ ಸಲ ಜನವರಿಯಲ್ಲಿ ಹೋದಾಗ ಅತ್ತೆ ಕೊಟ್ಟಿಗೆಯಲ್ಲಿ ಹಸುವಿನ ಕಿವಿ ಮಗುಚಿ ಮಗುಚಿ ನೋಡುತ್ತಿದ್ದರು.

"ಎಂತ ಹುಡುಕ್ತಾ ಇದ್ದೀರಿ ಅತ್ತೆ?" ಅಂದೆ.

"ಉಣ್ಣಿ ಮಾರಾಯ. ಆಚೆ ಗುಡ್ಡದಲ್ಲಿ ಮಂಗ ಸತ್ತಿದೆ ಅಂತಾರೆ. ಸುಮ್ನೆ ಕೂರ್ಲಿಕ್ಕೆ ಆಗ್ತದಾ?"

ಮಂಗ ಸತ್ತರೆ ಹಸುವಿನ ಕಿವಿ ನೋಡಬೇಕು. ಊರಿನಿಂದ ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಆದರೆ ಮಂಗನ ಕಾಯಿಲೆಯ ಬಗ್ಗೆ ಆರೂವರೆ ದಶಕದ ಸಂಶೋಧನೆ ಹೇಳುವುದರಲ್ಲಿ ಅರ್ಧ ಭಾಗ ಅತ್ತೆಯ ಆ ಒಂದು ಮಾತಿನಲ್ಲಿದೆ. ಕಾಡು, ಮಂಗ, ದನ, ಮನುಷ್ಯ ಈ ನಾಲ್ವರನ್ನೂ ಒಂದೇ ದಾರದಲ್ಲಿ ಪೋಣಿಸುವುದು ಸಾಸಿವೆ ಕಾಳಿಗಿಂತ ಚಿಕ್ಕದಾದ ಒಂದು ಉಣ್ಣಿಮರಿ.

ಕಾಯಿಲೆ ಮೊದಲು ಗುರುತಿಗೆ ಬಂದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲಾಗಿ ಸತ್ತವು, ಬೆನ್ನಿಗೇ ಜನರಿಗೆ ಜ್ವರ ಬಂತು. ಆಫ್ರಿಕಾದ ಹಳದಿ ಜ್ವರ ಇಂಡಿಯಾಕ್ಕೂ ಬಂದುಬಿಟ್ಟಿತೇ ಎಂಬ ಗಾಬರಿ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್. ರಷ್ಯಾದ ಕಡೆಯ ಒಂದು ಉಣ್ಣಿ ಜ್ವರದ ವೈರಸ್‌ಗೆ ಅದು ಹತ್ತಿರದ ನೆಂಟ. ಚಳಿಗಾಲಕ್ಕೆ ಉತ್ತರದಿಂದ ಬರುವ ಹಕ್ಕಿಗಳು ಇದನ್ನು ಹೊತ್ತು ತಂದವೇ ಎಂಬ ಅನುಮಾನವೂ ಬಂತು. ಪಕ್ಷಿತಜ್ಞ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಸಾವಿರಾರು ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ನಡೆದದ್ದರ ಹಿಂದೆ ಈ ಪ್ರಶ್ನೆಯೂ ಇತ್ತು. ಹಕ್ಕಿಗಳ ವಲಸೆಯ ಬಗ್ಗೆ ಬಹಳ ತಿಳಿಯಿತು. ವೈರಸ್ ತಂದದ್ದು ಅವೇ ಎಂದು ಮಾತ್ರ ತೋರಿಸಲಾಗಲಿಲ್ಲ.

ಇವತ್ತು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ತಾಲ್ಲೂಕುಗಳಲ್ಲಿ ಇದು ಬೇಸಿಗೆ ಹತ್ತಿರವಾದಂತೆ ಮನೆಮನೆಯ ಮಾತು. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ಉಣ್ಣಿ ಕಚ್ಚಿದ 3ರಿಂದ 8 ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ಹಣೆ ಸಿಡಿಯುವಂಥ ತಲೆನೋವು, ಏಳಲಾರದಷ್ಟು ಮೈಕೈ ನೋವು, ವಾಂತಿ. ಕೆಲವರಿಗೆ ಒಸಡಿನಲ್ಲಿ, ಮೂಗಿನಲ್ಲಿ ರಕ್ತ. ಬಹಳಷ್ಟು ಜನ ಎರಡು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ನೂರಕ್ಕೆ 10ರಿಂದ 20 ಜನರಿಗೆ ಮೂರನೇ ವಾರ ಜ್ವರ ಮರಳಿ ಬಂದು ಮೆದುಳಿಗೆ ತೊಂದರೆ ಕೊಡುತ್ತದೆ. ನೂರರಲ್ಲಿ 3ರಿಂದ 5 ಜನ ಸಾಯುತ್ತಾರೆ. ವೈರಸ್ಸನ್ನೇ ಕೊಲ್ಲುವ ಔಷಧಿ ಇನ್ನೂ ಇಲ್ಲ.

ಹೆಸರಿನಲ್ಲಿ ಮಂಗ ಇದೆ. ಅದಕ್ಕೇ ಎಷ್ಟೋ ಜನ ಮಂಗನಿಂದ ನೇರವಾಗಿ ಬರುತ್ತದೆ ಅಂದುಕೊಂಡಿದ್ದಾರೆ. ಇದು ನನಗೆ ನಿಜವಾಗಿ ಬೇಸರದ ಸಂಗತಿ. ಮುಸಿಯ, ಕೋತಿ ಎರಡೂ ಈ ವೈರಸ್‌ಗೆ ನಮಗಿಂತ ಮೊದಲು ಬಲಿಯಾಗುವ ಪ್ರಾಣಿಗಳು. ಸತ್ತ ಮಂಗನ ಮೈ ತಣ್ಣಗಾದಾಗ ಅದರ ಮೇಲಿದ್ದ ಉಣ್ಣಿಗಳು ಇಳಿದು ಸುತ್ತಲಿನ ಎಲೆರಾಶಿಗೆ ಸೇರುತ್ತವೆ. ಅದಕ್ಕೇ ಆರೋಗ್ಯ ಇಲಾಖೆಯವರು ಮಂಗ ಸತ್ತ ಜಾಗದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಎರಚುತ್ತಾರೆ, ಹೆಣವನ್ನು ಸುಡುತ್ತಾರೆ. ಇಲ್ಲಿ ಕೆಟ್ಟ ಸುದ್ದಿ ಬಂದಿದೆ, ಹುಷಾರು ಅಂತ ಪ್ರಾಣ ಕೊಟ್ಟು ಹೇಳುತ್ತಿದೆ ಆ ಮಂಗ. ಮನುಷ್ಯರಿಂದ ಮನುಷ್ಯರಿಗೂ ಇದು ಹರಡುವುದಿಲ್ಲ. ಜ್ವರ ಬಂದ ಮನೆಯವರನ್ನು ದೂರ ಇಡುವ ಅಗತ್ಯವೇ ಇಲ್ಲ.

ಈಗ ಉಣ್ಣಿಯ ಕಡೆ ಬರೋಣ.

ಇಲ್ಲಿ ಮುಖ್ಯವಾದ ಜಾತಿಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಇದಕ್ಕೆ ಬಾಳಿನಲ್ಲಿ ಮೂರೇ ಊಟ. ಮೊಟ್ಟೆಯಿಂದ ಹೊರಬಂದ ಆರು ಕಾಲಿನ ಮರಿಗೆ ಒಂದು, ಎಂಟು ಕಾಲು ಮೂಡಿದ ನಡುವಯಸ್ಸಿನದಕ್ಕೆ ಒಂದು, ದೊಡ್ಡದಕ್ಕೆ ಕೊನೆಯದೊಂದು. ಪ್ರತಿ ಊಟಕ್ಕೂ ಬೇರೆ ಪ್ರಾಣಿ. ರಕ್ತ ಕುಡಿದು ಕೆಳಗೆ ಉದುರಿ, ಪೊರೆ ಬಿಟ್ಟು, ಮತ್ತೆ ಹಸಿದು ಕಾಯುತ್ತದೆ. ಚಿಕ್ಕವು ಇಲಿ, ಅಳಿಲು, ಹಕ್ಕಿ, ಮಂಗಗಳನ್ನು ಹಿಡಿಯುತ್ತವೆ. ದೊಡ್ಡವು ದನ, ಕಾಟಿಯಂಥ ದೊಡ್ಡ ಮೈಯನ್ನು ಹುಡುಕುತ್ತವೆ. ಮರಿಯಾಗಿದ್ದಾಗ ಮೈಗೆ ಸೇರಿದ ವೈರಸ್ ಪೊರೆ ಬಿಟ್ಟ ಮೇಲೂ ಒಳಗೇ ಉಳಿಯುತ್ತದೆ. ದೊಡ್ಡ ಉಣ್ಣಿಗಳ ಕಾಲ ಮಳೆಗಾಲ. ನಮ್ಮನ್ನು ಕಾಡುವುದು ನಡುವಯಸ್ಸಿನವು, ಡಿಸೆಂಬರ್‌ನಿಂದ ಮೇವರೆಗೆ. ಸರಿಯಾಗಿ ಅದೇ ತಿಂಗಳುಗಳಲ್ಲಿ ನಾವು ಸೌದೆಗೆ, ದರಗು ಗುಡಿಸಲು ಕಾಡಿಗೆ ಹೋಗುತ್ತೇವೆ. ದರಗು ತಂದು ಕೊಟ್ಟಿಗೆಗೆ ಹಾಸುತ್ತೇವೆ, ಗೊಬ್ಬರ ಮಾಡುತ್ತೇವೆ. ಆ ಒಣ ಎಲೆಯ ಜೊತೆ ಏನೇನು ಮನೆಗೆ ಬರುತ್ತದೆ, ಅಲ್ವಾ?

ಉಣ್ಣಿ ಹಾರುವುದಿಲ್ಲ, ನೆಗೆಯುವುದಿಲ್ಲ. ಹುಲ್ಲಿನ ತುದಿಗೋ ಎಲೆಯ ಅಂಚಿಗೋ ಹತ್ತಿ, ಮುಂದಿನ ಎರಡು ಕಾಲುಗಳನ್ನು ಗಾಳಿಗೆ ಚಾಚಿ ಕೂರುತ್ತದೆ. ಆ ಕಾಲುಗಳ ತುದಿಯಲ್ಲಿ ಹಾಲರ್ ಅಂಗ ಎಂಬ ಪುಟ್ಟ ಗುಳಿ ಇದೆ. ಉಣ್ಣಿಗೆ ಮೂಗು ಅದೇ. ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ವಾಸನೆ ಎರಡೂ ಅದಕ್ಕೆ ಗೊತ್ತಾಗುತ್ತವೆ. 2019ರಲ್ಲಿ ಅಮೆರಿಕದ ಇಬ್ಬರು ಕೀಟ ಸಂಶೋಧಕರು ಅಲ್ಲಿನ ಉಣ್ಣಿಗಳ ಮೇಲೆ ಪರೀಕ್ಷೆ ಮಾಡಿ ಇನ್ನೊಂದು ವಿಷಯ ತೋರಿಸಿದರು. ಅದೇ ಗುಳಿಯಿಂದ ಉಣ್ಣಿ ಪ್ರಾಣಿಯ ಮೈಶಾಖವನ್ನೂ ದೂರದಿಂದಲೇ ಅರಿಯುತ್ತದೆ. ಡೀಟ್ ಎಂಬ ಕೀಟ ದೂರ ಇಡುವ ರಾಸಾಯನಿಕ ಸ್ವಲ್ಪವೇ ಇದ್ದರೂ ಈ ಶಾಖದ ಅರಿವು ಕೆಟ್ಟುಹೋಗುತ್ತದೆ, ವಾಸನೆಯ ಅರಿವು ಹಾಗೇ ಇರುತ್ತದೆ. ಅಂದರೆ ಅಂಥ ಎಣ್ಣೆ ಹಚ್ಚಿದ ಕಾಲು ಉಣ್ಣಿಯ ಪಾಲಿಗೆ ಬೆಚ್ಚಗಿನ ಮೈ ಅಲ್ಲವೇ ಅಲ್ಲ. ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಕೊಡುವ ಡೇಪಾ ಎಣ್ಣೆಯಲ್ಲಿರುವುದು ಇದೇ ಬಳಗದ ರಾಸಾಯನಿಕ. ಅದನ್ನು ರೂಪಿಸಿದ್ದು ರಕ್ಷಣಾ ಸಂಶೋಧನೆಯ ಸರ್ಕಾರಿ ಸಂಸ್ಥೆ ಡಿಆರ್‌ಡಿಒದ ಗ್ವಾಲಿಯರ್ ಪ್ರಯೋಗಾಲಯ. ಸೈನಿಕರಿಗಾಗಿ ಹುಡುಕಿದ ವಸ್ತು ಈಗ ಅಡಿಕೆ ತೋಟದಲ್ಲಿ ಕೆಲಸಕ್ಕೆ ಬರುತ್ತಿದೆ.

ಎಣ್ಣೆ ಬೆವರಿನಲ್ಲಿ ಇಳಿದುಹೋಗುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ಬಟ್ಟೆಯ ನೂಲಿಗೇ ಪರ್ಮೆಥ್ರಿನ್ ಎಂಬ ಕೀಟನಾಶಕವನ್ನು ಕಾರ್ಖಾನೆಯಲ್ಲಿ ಅಂಟಿಸುವ ವಿಧಾನ ಒಂದಿದೆ. ಅಮೆರಿಕದ ಎರಡು ರಾಜ್ಯಗಳಲ್ಲಿ ಹೊರಗಡೆ ದುಡಿಯುವವರಿಗೆ ಅಂಥ ಉಡುಪು ಕೊಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಮೊದಲ ವರ್ಷ ಉಣ್ಣಿ ಕಡಿತ 65% ಕಡಿಮೆಯಾಯಿತು, ಎರಡನೇ ವರ್ಷ 50%. ಅಲ್ಲಿಯ ಉಣ್ಣಿ ಬೇರೆ, ಹವೆ ಬೇರೆ, ಉಡುಪೂ ಬೇರೆ. ಲುಂಗಿ ಕಟ್ಟಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ಕೆಲಸ ಮಾಡುವ ನಮ್ಮವರಿಗೆ ಹೊಂದುವ ಬಟ್ಟೆಯಲ್ಲಿ ಇದನ್ನು ಮಲೆನಾಡಿನಲ್ಲಿ ಪರೀಕ್ಷಿಸಬೇಕು ಎಂದು ನನಗೆ ಬಹಳ ಅನ್ನಿಸುತ್ತದೆ.

ಉಣ್ಣಿ ಕಚ್ಚಿದರೆ ಸುಲಭವಾಗಿ ಬಿಡುವುದಿಲ್ಲ, ಎಲ್ಲರಿಗೂ ಗೊತ್ತು. ಕಾರಣ ಅದರ ಬಾಯಿಯ ಮುಳ್ಳು ಮಾತ್ರ ಅಲ್ಲ. ಬಹಳಷ್ಟು ಜಾತಿಯ ಉಣ್ಣಿಗಳು ಜೊಲ್ಲಿನ ಜೊತೆ ಒಂದು ಬಗೆಯ ಸಿಮೆಂಟನ್ನು ಚರ್ಮದೊಳಗೆ ಬಿಡುತ್ತವೆ. ಬಿಡುವಾಗ ನೀರು, ಸ್ವಲ್ಪ ಹೊತ್ತಿಗೆ ಗಟ್ಟಿ. ಹೀಗೆ ಆಗುವುದು ಹೇಗೆ ಎಂದು ನೆದರ್‌ಲ್ಯಾಂಡ್ಸ್‌ನ ವಾಗೆನಿಂಗೆನ್ ಮತ್ತು ಮಾಸ್ಟ್ರಿಕ್ಟ್‌ನ ಸಂಶೋಧಕರು ಈಚೆಗೆ ಬಿಡಿಸಿ ನೋಡಿದರು. ಜೊಲ್ಲಿನಲ್ಲಿರುವ, ಗ್ಲೈಸಿನ್ ಎಂಬ ಅಮೈನೋ ಆಮ್ಲ ಜಾಸ್ತಿ ಇರುವ ಒಂದು ಪ್ರೋಟೀನು ಮೊದಲು ಸಾರಿನ ಮೇಲೆ ಎಣ್ಣೆ ಕಣ್ಣುಬಿಟ್ಟಂತೆ ಹನಿಹನಿಯಾಗಿ ಬೇರೆಯಾಗುತ್ತದೆ. ಆ ಹನಿಗಳು ಹೊತ್ತು ಕಳೆದಂತೆ ಮಂದವಾಗಿ ಕೊನೆಗೆ ಅಂಟಾಗಿ ಗಟ್ಟಿಯಾಗುತ್ತವೆ. ಒದ್ದೆ ಚರ್ಮಕ್ಕೆ ಹಿಡಿದು ನಿಲ್ಲುವ, ದಿನಗಟ್ಟಲೆ ಬಿಡದ ಅಂಟು. ಗಾಯದ ಹೊಲಿಗೆಗೆ ಬದಲಾಗಿ ಬಳಸುವ ಅಂಟು ಹುಡುಕುತ್ತಿರುವವರಿಗೆ ಇದಕ್ಕಿಂತ ಒಳ್ಳೆ ಮಾದರಿ ಯಾವುದಿದೆ? ನಮಗಂತೂ ಇದರಿಂದ ಒಂದು ತಿಳಿವಳಿಕೆ ಕೂಡಲೇ ಸಿಗುತ್ತದೆ. ಬೆಂಕಿಕಡ್ಡಿ ತಾಗಿಸುವುದು, ಹಿಸುಕುವುದು ಬೇಡ. ಚಿಮುಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು, ತಿರುಚದೆ, ನೇರವಾಗಿ ಒಂದೇ ಸಮನೆ ಎಳೆದು ತೆಗೆಯಬೇಕು.

ಹಸುವಿನ ಕಿವಿಯ ವಿಷಯ. ದನಗಳಿಗೆ ಈ ವೈರಸ್‌ನಿಂದ ಕಾಯಿಲೆ ಆಗುವುದು ಕಾಣೆವು, ಹಾಲಿನಿಂದ ಮನುಷ್ಯರಿಗೆ ಬಂದ ದಾಖಲೆಯೂ ಇಲ್ಲ. ಆದರೆ ದೊಡ್ಡ ಉಣ್ಣಿಗೆ ಕೊನೆಯ ಊಟ ಹಾಕುವುದು ದನವೇ. ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಉದುರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕೊಲಂಬಿಯಾದ ವೈದ್ಯ ಹೋರ್ಹೆ ಬೋಶೆಲ್ ಮಲೆನಾಡಿನಲ್ಲಿ ಕೆಲಸ ಮಾಡಿ 1969ರಲ್ಲಿ ಬರೆದದ್ದು ಇದನ್ನೇ. ಕಾಡು ಕಡಿದು ಗದ್ದೆ ಮಾಡಿದೆವು, ಉಳಿದ ಕಾಡಿನ ಅಂಚಿಗೆ ದನ ಮೇಯಲು ಬಿಟ್ಟೆವು, ಉಣ್ಣಿಯ ಸಂತತಿ ಬೆಳೆಯಿತು. 2020ರಲ್ಲಿ ಇಂಗ್ಲೆಂಡ್ ಮತ್ತು ಇಂಡಿಯಾದ ಸಂಶೋಧಕರ ಒಂದು ತಂಡ ಶಿವಮೊಗ್ಗ ಜಿಲ್ಲೆಯ ರೋಗಿಗಳ ಲೆಕ್ಕವನ್ನು ಉಪಗ್ರಹದ ನಕ್ಷೆಗಳ ಮೇಲೆ ಇಟ್ಟು ನೋಡಿತು. ಕಾಯಿಲೆ ಹೆಚ್ಚಾಗಿ ಬಂದದ್ದು ನಟ್ಟ ನಡುವಿನ ದಟ್ಟ ಕಾಡಿನಲ್ಲಿ ಅಲ್ಲ. ನಿತ್ಯಹಸಿರು ಕಾಡು ಮತ್ತು ತೋಟ, ಪ್ಲಾಂಟೇಶನ್ ಒಂದರೊಳಗೊಂದು ಸೇರಿಕೊಂಡಿರುವ, ನಾಟಿ ದನ ಜಾಸ್ತಿ ಇರುವ ಕಡೆ. ಆ ವಿವರ ಓದಿದಾಗ ನನಗೆ ಅತ್ತೆಯ ಮನೆಯ ಹಿತ್ತಿಲೇ ಕಣ್ಣ ಮುಂದೆ ಬಂತು.

ಹಾಗಂತ ದನ ಮಾರಿಬಿಡಿ, ಕಾಡಿಗೆ ಹೋಗಬೇಡಿ ಎಂದರೆ ಮಲೆನಾಡಿನಲ್ಲಿ ಬದುಕುವುದು ಹೇಗೆ? ಅದಕ್ಕೇ ಲಸಿಕೆ ಬೇಕು. ಅದರ ಕತೆ ಉದ್ದ. ಮೊದಲು ರಷ್ಯಾದ ಜ್ವರದ ಲಸಿಕೆಯನ್ನೇ ತಂದು ಕೊಟ್ಟು ನೋಡಿದರು, ಫಲಿಸಲಿಲ್ಲ. ಆಮೇಲೆ ಕೋಳಿಮೊಟ್ಟೆಯೊಳಗಿನ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. ಬೆಂಗಳೂರು ಹೆಬ್ಬಾಳದಲ್ಲಿ ದನ-ಕುರಿಗಳ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆಯೇ ಮನುಷ್ಯರ ಈ ಲಸಿಕೆಯನ್ನೂ ತಯಾರಿಸುತ್ತಿತ್ತು. 1990ರಿಂದ 92ರವರೆಗೆ ಮಲೆನಾಡಿನ ಹಳ್ಳಿಗಳಲ್ಲಿ ನಡೆದ ಪರೀಕ್ಷೆಯಲ್ಲಿ ಎರಡು ಡೋಸ್ ಪಡೆದವರಿಗೆ ಸುಮಾರು 94% ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಅದು 62%ಕ್ಕೆ ಇಳಿದಿತ್ತು. ಬೂಸ್ಟರ್ ಪಡೆದವರಲ್ಲಿ 83%. ಸೂಜಿ ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು. ಕೂಲಿ ಬಿಟ್ಟು ಮಲಗಲಾಗದವರು ಎರಡನೇ ಡೋಸ್‌ಗೆ ಬರುತ್ತಿರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸಿಲ್ಲ. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು.

ಹೊಸದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಮಾಡುತ್ತಿವೆ. ಆ ಕಂಪನಿ ಹುಟ್ಟಿದ್ದೇ ದನಗಳ ಕಾಲುಬಾಯಿ ಜ್ವರದ ಲಸಿಕೆಗಾಗಿ. ಇದೂ ಕೊಂದ ವೈರಸ್ಸಿನ ಲಸಿಕೆಯೇ. ಆದರೆ ದೇಹದ ಗಮನವನ್ನು ಹೆಚ್ಚು ಎಳೆಯುವ ಒಂದು ಪೂರಕ ವಸ್ತುವನ್ನು ಜೊತೆಗೆ ಸೇರಿಸಿದ್ದಾರೆ. 28 ದಿನದ ಅಂತರದಲ್ಲಿ ಎರಡು ಡೋಸ್. ಮನುಷ್ಯರ ಮೇಲಿನ ಮೊದಲ ಹಂತದ ಪರೀಕ್ಷೆ 2025ರಲ್ಲಿ ಶುರುವಾಗಿದೆ. ಇಷ್ಟು ನಿಧಾನ ಯಾಕೆ ಎಂದು ಕೇಳುವವರಿದ್ದಾರೆ. ಇದು ಅತಿ ಬಿಗಿ ಭದ್ರತೆಯ ಪ್ರಯೋಗಾಲಯದಲ್ಲಿ ಮಾತ್ರ ಮುಟ್ಟಬಹುದಾದ ವೈರಸ್. ಅಂಥ ಗರಿಷ್ಠ ಭದ್ರತೆಯ ಪ್ರಯೋಗಾಲಯ ಪುಣೆಯಲ್ಲಿ ಶುರುವಾದದ್ದೇ 2012ರಲ್ಲಿ. ರೋಗ ಪತ್ತೆ ಮಾತ್ರ ಈಗ ಸುಲಭವಾಗಿದೆ. ಬ್ಯಾಟರಿಯಲ್ಲೂ ನಡೆಯುವ ಟ್ರೂನ್ಯಾಟ್ ಎಂಬ ಸಣ್ಣ ಯಂತ್ರದಲ್ಲಿ ಈ ವೈರಸ್ಸನ್ನು ಗುರುತಿಸುವ ಪರೀಕ್ಷೆ ಸಿದ್ಧವಾಗಿದೆ. ಮೊದಲ ಕೆಲವು ದಿನಗಳಲ್ಲೇ ಗೊತ್ತಾದರೆ ರೋಗಿಯ ಪ್ಲೇಟ್‌ಲೆಟ್, ರಕ್ತದೊತ್ತಡ ನೋಡಿಕೊಂಡು ಜೀವ ಉಳಿಸಬಹುದು.

ಇದನ್ನೆಲ್ಲ ಆ ಸಂಜೆ ಅತ್ತೆಗೆ ಹೇಳಿದೆ. ಅವರು ತೋಟದಿಂದ ಬಂದು ಸೀರೆಯನ್ನು ಬಚ್ಚಲಿನ ಬಿಸಿನೀರಿನಲ್ಲಿ ನೆನೆಹಾಕಿ, ಕಾಲು ತಿಕ್ಕಿ ತೊಳೆದುಕೊಂಡು ಒಲೆಯ ಮುಂದೆ ಕೂತಿದ್ದರು. ಹೊಸ ಇಂಜೆಕ್ಷನ್ ಬರಲು ಇನ್ನೆಷ್ಟು ದಿನ ಅಂತ ಕೇಳಿದರು. ಮೊದಲು ಅಪಾಯ ಇಲ್ಲ ಅಂತ ನೋಡಬೇಕು, ಆಮೇಲೆ ಎಷ್ಟು ಡೋಸ್ ಸಾಕು ಅಂತ, ಆಮೇಲೆ ನಿಜವಾಗಿ ಕಾಯಿಲೆ ತಡೆಯುತ್ತದಾ ಅಂತ. ಕಾಯಿಲೆ ಬರುವುದು ವರ್ಷಕ್ಕೆ ಒಂದೇ ಕಾಲದಲ್ಲಿ, ಹಾಗಾಗಿ ವರ್ಷಗಳೇ ಬೇಕು ಅಂದೆ.

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಿಟಕಿಯ ಮೇಲಿದ್ದ ಡೇಪಾ ಬಾಟಲಿ ತೆಗೆದು ಬೆಳಕಿಗೆ ಹಿಡಿದರು. ತಳದಲ್ಲಿ ಒಂದು ಬೆರಳಷ್ಟು ಉಳಿದಿತ್ತು.

"ಹಾಗಾದ್ರೆ ಅಲ್ಲಿವರೆಗೆ ಇದು ಖಾಲಿ ಆಗದ ಹಾಗೆ ನೋಡ್ಕೊಳ್ಳಿ ಅಂತ ಬರಿ" ಅಂದರು.